ಡಬ್ಬಿಯ ಹಿಂಬದಿಯ ಚಿತ್ರ: ಕಂಪ್ಯೂಟರ್ ಆಟಗಳ ಚರಿತ್ರೆಯ ಒಂದು ಪುಟ

ಹಾಡಿನ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಡಬ್ಬಿ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಒಳಗೆ ಮಡಿಸಿಟ್ಟ ಬಣ್ಣದ ಕಾಗದ, ಮುಂದೆ ಗಾಯಕರ ಭಾವಚಿತ್ರ, ಹಿಂದೆ ಹಾಡುಗಳ ಪಟ್ಟಿ. 1980ರ ದಶಕದಲ್ಲಿ ಇಂಗ್ಲೆಂಡಿನ ಅಂಗಡಿಗಳಲ್ಲಿ ಇದೇ ಅಳತೆಯ ಡಬ್ಬಿಗಳಲ್ಲಿ ಕಂಪ್ಯೂಟರ್ ಆಟಗಳೂ ಮಾರಾಟವಾಗುತ್ತಿದ್ದವು. ಮುಂಬದಿಯಲ್ಲಿ ಕಲಾವಿದನು ಬಿಡಿಸಿದ ಭರ್ಜರಿ ಚಿತ್ರ: ಉರಿಯುವ ನಗರ, ಹಾರುವ ನೌಕೆ, ಕತ್ತಿ ಹಿಡಿದ ವೀರ. ಹಿಂಬದಿಯಲ್ಲಿ ಅಂಚೆಚೀಟಿಯಷ್ಟು ಗಾತ್ರದ ಎರಡು ಮೂರು ಫೋಟೋಗಳು. ಆಟ ಆಡುವಾಗ ಟಿ.ವಿ. ಪರದೆಯ ಮೇಲೆ ಕಾಣುವುದು ಇದೇ ಎಂದು ಆ ಫೋಟೋಗಳು ಹೇಳುತ್ತಿದ್ದವು. ಈ ಲೇಖನದ ವಸ್ತು ಈ ಅಂಚೆಚೀಟಿ ಗಾತ್ರದ ಫೋಟೋಗಳೇ.

ವಿಷಯ ಬಹಳ ಸಣ್ಣದು ಎಂದು ನಿಮಗೆ ಅನ್ನಿಸಬಹುದು. ಆದರೆ ಆ ಡಬ್ಬಿಗಳನ್ನು ಕೊಳ್ಳುತ್ತಿದ್ದವರಲ್ಲಿ ಹೆಚ್ಚಿನವರು ಹತ್ತರಿಂದ ಹದಿನೈದು ವರ್ಷದ ಮಕ್ಕಳು. ಅಪ್ಪ ಅಮ್ಮ ಕೊಟ್ಟ ಪುಡಿಕಾಸನ್ನು ವಾರಗಟ್ಟಲೆ ಕೂಡಿಟ್ಟು ತಂದ ಹಣ ಅದು. ಮೊದಲ ವರ್ಷಗಳಲ್ಲಿ ಐದಾರು ಪೌಂಡ್ ಇದ್ದ ಆಟದ ಬೆಲೆ ದಶಕದ ನಡುವೆ ಕೆಲವು ಕಂಪನಿಗಳಲ್ಲಿ 9.95 ಪೌಂಡಿಗೆ ಏರಿತು. ಅಂಗಡಿಯಲ್ಲಿ ಆಟವನ್ನು ಆಡಿ ನೋಡುವ ಸೌಲಭ್ಯ ಸಾಮಾನ್ಯವಾಗಿ ಇರಲಿಲ್ಲ. ಡಬ್ಬಿ ಒಮ್ಮೆ ತೆರೆದರೆ ವಾಪಸು ತೆಗೆದುಕೊಳ್ಳಲು ಅಂಗಡಿಯವರು ಹಿಂದೆಮುಂದೆ ನೋಡುತ್ತಿದ್ದರು. ಮನೆಗೆ ಹೋಗಿ ನಕಲು ಮಾಡಿಕೊಂಡು ಹಿಂದಿರುಗಿಸುತ್ತಾರೆಂಬ ಭಯ ಅವರದು. ಹೀಗಾಗಿ ಕೊಳ್ಳುವ ಹುಡುಗನ ಕೈಯಲ್ಲಿದ್ದ ಸಾಕ್ಷಿ ಒಂದೇ, ಹಿಂಬದಿಯ ಫೋಟೋ. ಆ ಸಾಕ್ಷಿ ಎಷ್ಟು ನಂಬಲರ್ಹವಾಗಿತ್ತು ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಆ ಯಂತ್ರಗಳ ಪರಿಚಯ ಮಾಡಿಕೊಳ್ಳೋಣ. 1982ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸಿಂಕ್ಲೇರ್ ರಿಸರ್ಚ್ ಕಂಪನಿಯು ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಕಪ್ಪು ಮೈ, ರಬ್ಬರ್ ಕೀಲಿಗಳು, ಬೆಲೆ 125 ಪೌಂಡ್‌ನಿಂದ ಆರಂಭ. ಮನೆಯ ಟಿ.ವಿ.ಯೇ ಅದರ ಪರದೆ, ಮನೆಯ ಟೇಪ್ ರೆಕಾರ್ಡರೇ ಅದರ ಭಂಡಾರ. ಅದೇ ವರ್ಷ ಅಮೆರಿಕದ ಕಮೋಡೋರ್ 64 ಮಾರುಕಟ್ಟೆಗೆ ಬಂತು. 1984ರಲ್ಲಿ ಅಲನ್ ಶುಗರ್ ಅವರ ಆಮ್‌ಸ್ಟ್ರಾಡ್ ಕಂಪನಿಯ ಸಿಪಿಸಿ 464, 1985ರಲ್ಲಿ ಅಟಾರಿ ಎಸ್‌ಟಿ ಮತ್ತು ಕಮೋಡೋರ್ ಅಮಿಗಾ ಬಂದವು. ಇವು ಒಂದಕ್ಕೊಂದು ಹೊಂದಿಕೊಳ್ಳುವ ಯಂತ್ರಗಳಲ್ಲ. ಒಂದರ ಕ್ಯಾಸೆಟ್ ಇನ್ನೊಂದಕ್ಕೆ ಆಗದು. ಒಂದೇ ಹೆಸರಿನ ಆಟವನ್ನು ಪ್ರತಿಯೊಂದು ಯಂತ್ರಕ್ಕೂ ಬೇರೆ ಬೇರೆಯಾಗಿ ಬರೆಯಬೇಕಾಗಿತ್ತು.

ಸಮಸ್ಯೆಯ ಬೇರು ಇರುವುದು ಇಲ್ಲಿ. ಸ್ಪೆಕ್ಟ್ರಮ್‌ನ ಪರದೆಯನ್ನು ನೀವು ಮಕ್ಕಳ ಲೆಕ್ಕದ ಚೌಕಳಿ ಪುಸ್ತಕದಂತೆ ಊಹಿಸಿಕೊಳ್ಳಿ. ಅಡ್ಡಲಾಗಿ 256 ಚುಕ್ಕೆಗಳು, ಉದ್ದಕ್ಕೆ 192. ಒಟ್ಟು 49,152 ಚುಕ್ಕೆಗಳು. ಪ್ರತಿ ಚುಕ್ಕೆಗೂ ಅದರದೇ ಬಣ್ಣ ಕೊಡಲು ಬೇಕಾದಷ್ಟು ಸ್ಮರಣಶಕ್ತಿಯನ್ನು ಆ ಅಗ್ಗದ ಯಂತ್ರದಲ್ಲಿ ಖರ್ಚು ಮಾಡುವಂತಿರಲಿಲ್ಲ. ಆದ್ದರಿಂದ ಅದನ್ನು ರೂಪಿಸಿದವರು ಒಂದು ಉಪಾಯ ಮಾಡಿದರು. ಪರದೆಯನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ 768 ಮನೆಗಳಾಗಿ ವಿಂಗಡಿಸಿ, ಒಂದು ಮನೆಗೆ ಎರಡೇ ಬಣ್ಣ ಎಂದು ನಿಯಮ ಮಾಡಿದರು. ಚಿತ್ರಕ್ಕೆ 6,144 ಬೈಟ್, ಬಣ್ಣಕ್ಕೆ 768 ಬೈಟ್, ಒಟ್ಟು 6,912 ಬೈಟ್‌ಗಳಲ್ಲಿ ಇಡೀ ಪರದೆ ಮುಗಿಯಿತು. ಜಾಣತನದ ಉಳಿತಾಯವೇ ಸರಿ. ಆದರೆ ಕೆಂಪು ಅಂಗಿಯ ಹುಡುಗ ಹಸಿರು ಮರದ ಮುಂದೆ ನಡೆದುಹೋದರೆ ಏನಾಗುತ್ತದೆ? ಇಬ್ಬರೂ ಒಂದೇ ಮನೆಯೊಳಗೆ ಬಂದ ಕೂಡಲೇ ಮರ ಕೆಂಪಾಗುತ್ತದೆ, ಇಲ್ಲವೇ ಹುಡುಗ ಹಸಿರಾಗುತ್ತಾನೆ. ಈ ಬಣ್ಣಗಳ ಜಗಳದಿಂದ ತಪ್ಪಿಸಿಕೊಳ್ಳಲು ಅನೇಕ ಆಟಗಳು ಇಡೀ ದೃಶ್ಯವನ್ನು ಕಪ್ಪು ಮತ್ತು ಇನ್ನೊಂದೇ ಬಣ್ಣದಲ್ಲಿ ತೋರಿಸಿದವು.

ಕಮೋಡೋರ್ 64ರಲ್ಲಿ 16 ಬಣ್ಣಗಳಿದ್ದವು. ಜೊತೆಗೆ ಹಿನ್ನೆಲೆಯನ್ನು ಕೆಡಿಸದೆ ಅದರ ಮೇಲೆ ಸರಾಗವಾಗಿ ಚಲಿಸುವ ಎಂಟು ಬಿಡಿಚಿತ್ರಗಳ ವ್ಯವಸ್ಥೆ ಯಂತ್ರದಲ್ಲಿಯೇ ಇತ್ತು. ಆಮ್‌ಸ್ಟ್ರಾಡ್‌ನಲ್ಲಿ 27 ಬಣ್ಣಗಳಿಂದ ಆರಿಸಿದ 16 ಬಣ್ಣಗಳನ್ನು ಒಮ್ಮೆಗೆ ತೋರಿಸಬಹುದಿತ್ತು, ಆದರೆ ಆಗ ಚುಕ್ಕೆಗಳು ಇಟ್ಟಿಗೆಗಳಂತೆ ದಪ್ಪವಾಗುತ್ತಿದ್ದವು. ಅಮಿಗಾದಲ್ಲಿ 4,096 ಬಣ್ಣಗಳ ಪೆಟ್ಟಿಗೆಯಿಂದ 32 ಬಣ್ಣಗಳನ್ನು ಸುಲಭವಾಗಿ ಬಳಸಬಹುದಿತ್ತು. ಈಗ ನೀವೇ ಒಬ್ಬ ಪ್ರಕಾಶಕರೆಂದು ಭಾವಿಸಿ. ಒಂದೇ ಆಟ ಐದು ರೂಪಗಳಲ್ಲಿದೆ. ಡಬ್ಬಿಯ ಹಿಂದೆ ಮೂರು ಫೋಟೋಗಳಿಗೆ ಮಾತ್ರ ಜಾಗವಿದೆ. ಯಾವ ಯಂತ್ರದ ಫೋಟೋ ಹಾಕುತ್ತೀರಿ?

ಹೆಚ್ಚಿನವರು ಅತ್ಯಂತ ಸುಂದರವಾಗಿ ಕಾಣುವ ರೂಪದ ಫೋಟೋವನ್ನೇ ಹಾಕಿದರು. ದಶಕದ ಮೊದಲರ್ಧದಲ್ಲಿ ಸ್ಪೆಕ್ಟ್ರಮ್ ಕ್ಯಾಸೆಟ್ಟಿನ ಮೇಲೆ ಕಮೋಡೋರ್ ಫೋಟೋ, ಉತ್ತರಾರ್ಧದಲ್ಲಿ ಇವೆರಡರ ಮೇಲೂ ಅಮಿಗಾ ಅಥವಾ ಅಟಾರಿ ಎಸ್‌ಟಿ ಫೋಟೋ ಕಾಣಿಸಿಕೊಳ್ಳುವುದು ಮಾಮೂಲಾಯಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರಿದ್ದರು. ಪೇಟೆಯ ಆಟದ ಮನೆಗಳಲ್ಲಿ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳು ಆಗ ಜನಪ್ರಿಯವಾಗಿದ್ದವು. ಅವುಗಳ ಹಕ್ಕು ಕೊಂಡು ಮನೆಯ ಕಂಪ್ಯೂಟರಿಗೆ ತರುವುದು ಲಾಭದ ವ್ಯಾಪಾರ. ಹಾಗೆ ತಂದ ಆಟದ ಜಾಹೀರಾತಿನಲ್ಲಿ ಆ ನಾಣ್ಯದ ಯಂತ್ರದ ಫೋಟೋವನ್ನೇ ಹಾಕುವುದೂ ನಡೆಯಿತು. 1986ರಲ್ಲಿ ಸೆಗಾ ಕಂಪನಿ ತಂದ ಔಟ್‌ರನ್ ಕಾರ್ ಓಟದ ಯಂತ್ರದಲ್ಲಿ ಎರಡು ಶಕ್ತಿಶಾಲಿ ಮೊಟೊರೊಲಾ 68000 ಚಿಪ್‌ಗಳು ಕೆಲಸ ಮಾಡುತ್ತಿದ್ದವು. ಮರುವರ್ಷ ಬರ್ಮಿಂಗ್‌ಹ್ಯಾಮ್‌ನ ಯು.ಎಸ್. ಗೋಲ್ಡ್ ಕಂಪನಿ ಅದನ್ನು ಮನೆಯ ಕಂಪ್ಯೂಟರುಗಳಿಗೆ ತಂದಿತು. ಸ್ಪೆಕ್ಟ್ರಮ್‌ನಲ್ಲಿದ್ದದ್ದು 3.5 ಮೆಗಾಹರ್ಟ್ಝ್ ವೇಗದ ಒಂದೇ ಒಂದು ಝಡ್-80 ಚಿಪ್. ಎತ್ತಿನ ಗಾಡಿಯಿಂದ ಮೇಲ್ ಗಾಡಿಯ ಓಟ ಎಲ್ಲಿಂದ ಬರಬೇಕು? ಯು.ಎಸ್. ಗೋಲ್ಡ್ ಆ ಆಟದ ಜೊತೆಗೆ ಮೂಲ ಯಂತ್ರದ ಸಂಗೀತವಿದ್ದ ಇನ್ನೊಂದು ಕ್ಯಾಸೆಟ್ಟನ್ನು ಇಟ್ಟಿತ್ತು. ಆಟದಲ್ಲಿ ಕೇಳಿಸದ ಸಂಗೀತವನ್ನು ಟೇಪ್ ರೆಕಾರ್ಡರಿನಲ್ಲಿ ಕೇಳಿಕೊಳ್ಳಬಹುದಾಗಿತ್ತು.

ನ್ಯಾಯವಾಗಿ ಹೇಳಬೇಕಾದರೆ ಪ್ರಕಾಶಕರ ಕಡೆಗೂ ಕೆಲವು ಕಾರಣಗಳಿದ್ದವು. ಆ ಕಾಲದಲ್ಲಿ ಪರದೆಯ ಚಿತ್ರವನ್ನು ಕಾಗದಕ್ಕೆ ತರಲು ಇಂದಿನಂತೆ ಒಂದು ಗುಂಡಿ ಒತ್ತಿದರೆ ಸಾಲದು. ಕೋಣೆಯನ್ನು ಕತ್ತಲೆ ಮಾಡಿ, ಟಿ.ವಿ. ಮುಂದೆ ಸ್ಟ್ಯಾಂಡಿನ ಮೇಲೆ ಕ್ಯಾಮರಾ ನಿಲ್ಲಿಸಿ ಫಿಲಂ ರೀಲಿನಲ್ಲಿ ಫೋಟೋ ತೆಗೆಯಬೇಕಾಗಿತ್ತು. ಬ್ರಿಟನ್ನಿನ ಟಿ.ವಿ. ಸೆಕೆಂಡಿಗೆ 25 ಪೂರ್ಣ ಚಿತ್ರಗಳನ್ನು ಗೆರೆಗೆರೆಯಾಗಿ ಮೂಡಿಸುತ್ತದೆ. ಕ್ಯಾಮರಾದ ಕಣ್ಣು ಅದಕ್ಕಿಂತ ಬೇಗ ಮುಚ್ಚಿದರೆ ಫೋಟೋದಲ್ಲಿ ಅರ್ಧ ಪರದೆ ಕಪ್ಪಾಗಿ ಬರುತ್ತದೆ. ನಿಧಾನವಾಗಿ ಮುಚ್ಚಿದರೆ ಓಡುವ ಕಾರು, ಹಾರುವ ಗುಂಡು ಎಲ್ಲವೂ ಮಸುಕು. ಜೊತೆಗೆ ಡಬ್ಬಿಯ ಕಾಗದ ಅಚ್ಚಿಗೆ ಹೋಗುವ ಹೊತ್ತಿಗೆ, ಮಾಸಪತ್ರಿಕೆಯ ಜಾಹೀರಾತು ಸಿದ್ಧವಾಗುವ ಹೊತ್ತಿಗೆ ಆಟವೇ ಪೂರ್ತಿಯಾಗದಿರುವುದು ಸಾಮಾನ್ಯ. ಯಾವ ರೂಪ ಮೊದಲು ಸಿದ್ಧವಾಗಿದೆಯೋ ಅದರ ಫೋಟೋ ಎಲ್ಲ ಡಬ್ಬಿಗಳ ಮೇಲೂ ಹೋಗುತ್ತಿತ್ತು. ಈ ತೊಂದರೆಗಳು ನಿಜವೇ. ಆದರೂ ಒಂದು ಮಾತನ್ನು ಕೇಳಲೇಬೇಕು. ತಪ್ಪು ನಡೆದಾಗಲೆಲ್ಲ ಅದು ಚೆಂದದ ಕಡೆಗೇ ಏಕೆ ವಾಲಿತು? ಅಮಿಗಾ ಡಬ್ಬಿಯ ಮೇಲೆ ಆಕಸ್ಮಿಕವಾಗಿ ಸ್ಪೆಕ್ಟ್ರಮ್‌ನ ಎರಡು ಬಣ್ಣದ ಫೋಟೋ ಬರುವುದು ಮಾತ್ರ ವಾಡಿಕೆಯಾಗಲಿಲ್ಲ!

ಇಲ್ಲಿ ಮುಂಬದಿಯ ಚಿತ್ರವನ್ನೂ ಹಿಂಬದಿಯ ಫೋಟೋವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ನನ್ನ ಅಭಿಪ್ರಾಯ. ಮುಂಬದಿಯದು ಕಲೆ. ಮ್ಯಾಂಚೆಸ್ಟರ್‌ನ ಓಷನ್ ಕಂಪನಿಯ ಡಬ್ಬಿಗಳಿಗೆ ಬಾಬ್ ವೇಕ್ಲಿನ್ ಎಂಬ ಕಲಾವಿದರು ಬಿಡಿಸಿದ ಚಿತ್ರಗಳನ್ನು ಇಂದಿಗೂ ಅಭಿಮಾನಿಗಳು ಸಂಗ್ರಹಿಸುತ್ತಾರೆ. 2018ರಲ್ಲಿ ಅವರು ತೀರಿಕೊಂಡರು. 1987ರ ಗ್ರೈಝರ್ ಎಂಬ ಆಟಕ್ಕಾಗಿ ಅವರು ಬಿಡಿಸಿದ ಚಿತ್ರವನ್ನು ಜಪಾನಿನ ಕೊನಾಮಿ ಕಂಪನಿಯು ಅದೇ ಆಟದ ಕಾಂಟ್ರಾ ಎಂಬ ರೂಪದ ಡಬ್ಬಿಗೂ ಬಳಸಿಕೊಂಡಿತೆಂದರೆ ಅವರ ಕುಂಚದ ಶಕ್ತಿಯನ್ನು ಊಹಿಸಬಹುದು. ಬಣ್ಣದ ಚಿತ್ರದಲ್ಲಿರುವ ವೀರನೇ ಪರದೆಯ ಮೇಲೂ ಬರುತ್ತಾನೆಂದು ಎಂಟು ವರ್ಷದ ಮಗುವೂ ನಂಬುತ್ತಿರಲಿಲ್ಲ. ಕಥೆಪುಸ್ತಕದ ರಕ್ಷಾಪುಟ ನೋಡಿ ನಾವು ಮೋಸಹೋದೆವೆಂದು ಯಾರೂ ದೂರುವುದಿಲ್ಲ. ಫೋಟೋ ಹಾಗಲ್ಲ. ಅದು ಸಾಕ್ಷಿಯ ಕಟಕಟೆಯಲ್ಲಿ ನಿಂತು ಮಾತನಾಡುತ್ತದೆ. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ ಆ ಫೋಟೋ ಸುಳ್ಳೂ ಅಲ್ಲ. ನಿಜವಾದ ಆಟದ, ನಿಜವಾದ ಪರದೆಯ ನಿಜವಾದ ಫೋಟೋ. ಆದರೆ ಆ ಡಬ್ಬಿಯೊಳಗಿನ ಆಟದ್ದಲ್ಲ, ಅಷ್ಟೇ. ಉರ್ದುವಿನಲ್ಲಿ 'ಊಂಚೀ ದುಕಾನ್, ಫೀಕಾ ಪಕ್ವಾನ್' ಎಂಬ ಗಾದೆಯಿದೆ. ಎತ್ತರದ ಅಂಗಡಿ, ಸಪ್ಪೆ ತಿಂಡಿ ಎಂದರ್ಥ. ಇಲ್ಲಿ ನಡೆದದ್ದು ಅದಕ್ಕಿಂತ ಸ್ವಲ್ಪ ಬೇರೆ. ಪಕ್ಕದ ಅಂಗಡಿಯ ತಿಂಡಿಯನ್ನು ತನ್ನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಗಿರಾಕಿಯನ್ನು ಕರೆದಂತೆ.

ಈ ಫೋಟೋಗಳ ಕೆಳಗೋ ಮಡಿಕೆಯ ಮೂಲೆಯಲ್ಲೋ ಇರುವೆಯಂತಹ ಅಕ್ಷರಗಳಲ್ಲಿ ಒಂದು ವಾಕ್ಯವಿರುತ್ತಿತ್ತು. ಈ ಚಿತ್ರಗಳು ಬೇರೆ ಯಂತ್ರದ ರೂಪದಿಂದ ತೆಗೆದವಾಗಿರಬಹುದು ಎಂಬುದು ಅದರ ಸಾರ. ಕೆಲವು ಕಂಪನಿಗಳು ಇನ್ನೂ ಉದ್ದವಾಗಿ, ಚಿತ್ರಗಳು ಆಟದ ರೀತಿಯನ್ನು ತಿಳಿಸಲು ಮಾತ್ರ, ಚಿತ್ರದ ಗುಣಮಟ್ಟ ಆಯಾ ಕಂಪ್ಯೂಟರಿನ ಸಾಮರ್ಥ್ಯದ ಮೇಲೆ ನಿಂತಿದೆ ಎಂದು ಬರೆದವು. ಭಾಷೆ ಕಲಿಸುವವನಾದ್ದರಿಂದ ಈ ವಾಕ್ಯದ ರಚನೆ ನನಗೆ ಕುತೂಹಲ ಹುಟ್ಟಿಸುತ್ತದೆ. ಅದರಲ್ಲಿರುವ 'ಬಹುದು' ಎಂಬ ಪ್ರತ್ಯಯವನ್ನು ಗಮನಿಸಿ. ಫೋಟೋ ಯಾವ ಯಂತ್ರದ್ದು ಎಂದು ಪ್ರಕಾಶಕರಿಗೆ ಖಚಿತವಾಗಿ ಗೊತ್ತಿತ್ತು. ಗೊತ್ತಿದ್ದನ್ನು ಸಂಭಾವನಾರ್ಥದಲ್ಲಿ ಹೇಳಿದಾಗ ಅದು ಓದುಗನಿಗೆ ಮಾಹಿತಿಯಾಗುವುದಿಲ್ಲ, ವಕೀಲರಿಗೆ ಮಾತ್ರ ಆಸರೆಯಾಗುತ್ತದೆ. 1968ರ ವ್ಯಾಪಾರ ವಿವರಣೆಗಳ ಕಾಯಿದೆಯ ಪ್ರಕಾರ ಬ್ರಿಟನ್ನಿನಲ್ಲಿ ಸರಕಿಗೆ ಸುಳ್ಳು ವಿವರಣೆ ಅಂಟಿಸಿ ಮಾರುವುದು ಅಪರಾಧವಾಗಿತ್ತು ಎಂಬುದನ್ನು ನೆನೆದರೆ ಆ ಆಸರೆ ಏಕೆ ಬೇಕಾಯಿತೆಂದು ತಿಳಿಯುತ್ತದೆ. 'ಸ್ಪೆಕ್ಟ್ರಮ್ ರೂಪದ ಚಿತ್ರಗಳು' ಎಂದು ಪ್ರಾಮಾಣಿಕವಾಗಿ ಬರೆದ ಡಬ್ಬಿಗಳೂ ಇದ್ದವು. ಎರಡೇ ಪದ ಹೆಚ್ಚು ಬೇಕಾಗುತ್ತಿತ್ತು.

ಡಬ್ಬಿಗೂ ಒಳಗಿನ ಸರಕಿಗೂ ಇರುವ ಅಂತರ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ 1986ರ ಒಂದು ಪ್ರಕರಣ ಪ್ರಸಿದ್ಧವಾಗಿದೆ. ಆ ವರ್ಷ ಮೆಕ್ಸಿಕೋದಲ್ಲಿ ವಿಶ್ವಕಪ್ ಫುಟ್ಬಾಲ್, ಮರಡೋನಾ ಮೆರೆದ ವರ್ಷ. ಯು.ಎಸ್. ಗೋಲ್ಡ್ ಕಂಪನಿ ಅದರ ಅಧಿಕೃತ ಹಕ್ಕು ಪಡೆದು ವರ್ಲ್ಡ್ ಕಪ್ ಕಾರ್ನಿವಲ್ ಎಂಬ ಆಟವನ್ನು ಹೊರತಂದಿತು. ದೊಡ್ಡ ಡಬ್ಬಿ, ಒಳಗೆ ಗೋಡೆಗೆ ಅಂಟಿಸುವ ಪೋಸ್ಟರ್, ಸ್ಟಿಕ್ಕರ್‌ಗಳು, ಬೆಲೆ 9.95 ಪೌಂಡ್. ಆದರೆ ಹೊಸ ಆಟ ಸಮಯಕ್ಕೆ ಸರಿಯಾಗಿ ಸಿದ್ಧವಾಗಿರಲಿಲ್ಲ. ಹಾಗಾಗಿ ಆರ್ಟಿಕ್ ಎಂಬ ಇನ್ನೊಂದು ಕಂಪನಿ 1984ರಲ್ಲೇ ಮಾರಿದ್ದ ಹಳೆಯ ಫುಟ್ಬಾಲ್ ಆಟವನ್ನು ಅಲ್ಪಸ್ವಲ್ಪ ಬದಲಾಯಿಸಿ ಹೊಸ ಡಬ್ಬಿಯಲ್ಲಿ ಹಾಕಲಾಯಿತು. ಹಳೆಯ ಆಟವನ್ನು ಮೊದಲೇ ಕೊಂಡಿದ್ದ ಹುಡುಗರು ಟೇಪ್ ಹಾಕಿ ನಾಲ್ಕೈದು ನಿಮಿಷ ಕಾದು (ಅಷ್ಟು ಹೊತ್ತು ಆ ಕಿರುಚುವ ಸದ್ದನ್ನು ಕೇಳುತ್ತ ಕೂರಬೇಕಾಗಿತ್ತು) ಪರದೆ ನೋಡಿದಾಗ ಅವರಿಗೆ ಹೇಗಾಗಿರಬೇಡ! ಪತ್ರಿಕೆಗಳು ಈ ಆಟವನ್ನು ಸಿಕ್ಕಾಪಟ್ಟೆ ತರಾಟೆಗೆ ತೆಗೆದುಕೊಂಡವು.

ಅದಕ್ಕೂ ಎರಡು ವರ್ಷ ಮೊದಲು ಲಿವರ್‌ಪೂಲ್‌ನ ಇಮ್ಯಾಜಿನ್ ಕಂಪನಿ ಇನ್ನೂ ಮುಂದೆ ಹೋಗಿತ್ತು. ಬ್ಯಾಂಡರ್‌ಸ್ನ್ಯಾಚ್, ಸೈಕ್ಲಾಪ್ಸ್ ಎಂಬ ಎರಡು 'ಮಹಾ ಆಟ'ಗಳನ್ನು ಅದು ಘೋಷಿಸಿತು. ಜಾಹೀರಾತಿನಲ್ಲಿ ಆಟದ ಚಿತ್ರವೇ ಇಲ್ಲ, ಆಟ ಬರೆಯುವವರ ಫೋಟೋ! 1984ರ ಜುಲೈನಲ್ಲಿ ಕಂಪನಿ ದಿವಾಳಿಯಾಗಿ ಮುಚ್ಚಿತು. ಆ ಎರಡು ಆಟಗಳು ಅಂಗಡಿಗೆ ಬರಲೇ ಇಲ್ಲ. ಕಂಪನಿಯ ಯಶಸ್ಸನ್ನು ಚಿತ್ರೀಕರಿಸಲು ಬಂದಿದ್ದ ಬಿಬಿಸಿಯವರು ಅದರ ಪತನವನ್ನೇ ಚಿತ್ರೀಕರಿಸಿಕೊಂಡು ಹೋದರು. ಆ ಸಾಕ್ಷ್ಯಚಿತ್ರ ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಸಾರವಾಯಿತು.

ಎಲ್ಲರೂ ಹೀಗಿದ್ದರೆಂದು ತಿಳಿಯಬೇಡಿ. ಆಶ್ಬಿ-ಡಿ-ಲಾ-ಝೂಚ್ ಎಂಬ ಸಣ್ಣ ಊರಿನಲ್ಲಿದ್ದ ಅಲ್ಟಿಮೇಟ್ ಎಂಬ ಕಂಪನಿಯ ಜಾಹೀರಾತುಗಳಲ್ಲಿ ಕೈಯಿಂದ ಬಿಡಿಸಿದ ಚಿತ್ರ ಇರುತ್ತಿತ್ತೇ ಹೊರತು ಪರದೆಯ ಫೋಟೋ ಹಾಕುವ ಗೋಜಿಗೆ ಅವರು ಹೋಗುತ್ತಿರಲಿಲ್ಲ. 1984ರಲ್ಲಿ ಅವರ ನೈಟ್ ಲೋರ್ ಹೊರಬಂದಾಗ, ಸ್ಪೆಕ್ಟ್ರಮ್‌ನಂತಹ ಬಡ ಯಂತ್ರದಲ್ಲಿ ಕೋಣೆಯ ಉದ್ದ, ಅಗಲ, ಎತ್ತರ ಮೂರೂ ಕಾಣುವ ದೃಶ್ಯ ನೋಡಿ ಜನ ಬೆರಗಾದರು. ಅದೂ ಒಂದು ಕೋಣೆಗೆ ಕಪ್ಪಲ್ಲದೆ ಒಂದೇ ಬಣ್ಣ. ಅಮೆರಿಕದ ಇನ್ಫೋಕಾಮ್ ಕಂಪನಿಯದು ಇನ್ನೊಂದು ದಾರಿ. ಅವರ ಆಟಗಳಲ್ಲಿ ಚಿತ್ರವೇ ಇಲ್ಲ, ಬರೀ ಬರಹ. ಜಗತ್ತಿನ ಅತ್ಯುತ್ತಮ ಚಿತ್ರಪರದೆ ನಿಮ್ಮ ತಲೆಯೊಳಗೇ ಇದೆ ಎಂಬ ಅರ್ಥದ ಜಾಹೀರಾತನ್ನೇ ಅವರು ಕೊಟ್ಟರು. ಟಿ.ವಿ.ಗೆ ಜೋಡಿಸಿ ಆಡುವ ಅಟಾರಿ ಯಂತ್ರಕ್ಕೆ ಆಟ ಬರೆಯುತ್ತಿದ್ದ ಆಕ್ಟಿವಿಷನ್ ಕಂಪನಿ (ಸ್ಥಾಪನೆ 1979) ಡಬ್ಬಿಯ ಮುಂಬದಿಯಲ್ಲೇ ಪರದೆಯ ದೃಶ್ಯವನ್ನು ಹೋಲುವ ಸರಳ ಚಿತ್ರವನ್ನು ಹಾಕಿತು. ಅಮೆರಿಕದಲ್ಲಿ 1983ರ ಸುಮಾರಿಗೆ ಆಟಗಳ ಮಾರುಕಟ್ಟೆ ಕುಸಿದುಬಿದ್ದಿತು. ಅದಕ್ಕೆ ಕಾರಣಗಳು ಹಲವು, ಕಳಪೆ ಆಟಗಳ ಪ್ರವಾಹ ಅವುಗಳಲ್ಲೊಂದು. 1985ರಲ್ಲಿ ನಿಂಟೆಂಡೊ ಅಲ್ಲಿಗೆ ಕಾಲಿಟ್ಟಾಗ ಅದರ ಮೊದಲ ಕಪ್ಪು ಡಬ್ಬಿಗಳ ಮೇಲೆ ಆಟದೊಳಗಿನ ಚುಕ್ಕೆಚುಕ್ಕೆಯ ಗೊಂಬೆಗಳನ್ನೇ ದೊಡ್ಡದಾಗಿ ಅಚ್ಚುಹಾಕಿತ್ತು. ಒಳಗಿರುವುದು ಇದೇ ಎಂದು ಗಿರಾಕಿಗೆ ಅಲ್ಲಿಯೇ ಕಾಣುತ್ತಿತ್ತು.

ಬ್ರಿಟನ್ನಿನ ಮಕ್ಕಳಿಗೆ ನಿಜವಾಗಿ ನೆರವಾದದ್ದು ಕಾಯಿದೆಯಲ್ಲ, ಪತ್ರಿಕೆಗಳು. 1984ರಲ್ಲಿ ಲಡ್ಲೋ ಎಂಬ ಊರಿನಿಂದ ಕ್ರ್ಯಾಶ್ ಎಂಬ ಮಾಸಪತ್ರಿಕೆ ಸ್ಪೆಕ್ಟ್ರಮ್‌ಗಾಗಿಯೇ ಹುಟ್ಟಿತು. ಮರುವರ್ಷ ಕಮೋಡೋರ್‌ಗಾಗಿ ಝ್ಯಾಪ್ 64 ಬಂತು. ಇವುಗಳ ವಿಮರ್ಶೆಯಲ್ಲಿ ಆಯಾ ಯಂತ್ರದ ಪರದೆಯ ಫೋಟೋಗಳೇ ಇರುತ್ತಿದ್ದವು, ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. ಉಪಾಧ್ಯಾಯರಿಗೆ ಖುಷಿ ಕೊಡುವ ಸಂಗತಿಯೊಂದಿದೆ. ಕ್ರ್ಯಾಶ್ ಪತ್ರಿಕೆಗೆ ಆಟಗಳನ್ನು ಆಡಿ ಅಭಿಪ್ರಾಯ ಬರೆಯುತ್ತಿದ್ದವರಲ್ಲಿ ಲಡ್ಲೋದ ಶಾಲಾ ವಿದ್ಯಾರ್ಥಿಗಳಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಬಂದು ಆಡಿ, ಚೆನ್ನಾಗಿದ್ದರೆ ಚೆನ್ನಾಗಿದೆ, ಇಲ್ಲದಿದ್ದರೆ ಇಲ್ಲ ಎಂದು ಬರೆದರು. ಹಿರಿಯರು ಮಾಡಿದ ಡಬ್ಬಿಯ ಸಾಕ್ಷ್ಯಕ್ಕೆ ಮಕ್ಕಳೇ ಪಾಟಿ ಸವಾಲು ಹಾಕಿದಂತಾಯಿತು.

ನಮ್ಮ ದೇಶಕ್ಕೂ ಈ ಯಂತ್ರಗಳು ಬಂದಿದ್ದವು. ಬ್ರಿಟನ್ನಿನ ಶಾಲೆಗಳಿಗಾಗಿ ಏಕಾರ್ನ್ ಕಂಪನಿ ತಯಾರಿಸಿದ್ದ ಬಿಬಿಸಿ ಮೈಕ್ರೋ ಕಂಪ್ಯೂಟರನ್ನು 1984-85ರಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಿಗೆ ಕೊಡಲಾಯಿತು. ಪುಣೆಯ ಡೆಸಿಬೆಲ್ಸ್ ಕಂಪನಿ ಆ ದಶಕದಲ್ಲಿಯೇ ಸ್ಪೆಕ್ಟ್ರಮ್ ಪ್ಲಸ್ ಯಂತ್ರವನ್ನು ಡಿಬಿ ಸ್ಪೆಕ್ಟ್ರಮ್ ಎಂಬ ಹೆಸರಿನಲ್ಲಿ ಇಲ್ಲಿ ಮಾರಿತು. ನಮ್ಮ ಸಾಮಾನ್ಯ ಮನೆಗಳಿಗೆ ಅವು ಎಟುಕಲಿಲ್ಲ. ಆದ್ದರಿಂದ ಆ ಡಬ್ಬಿಗಳ ಆಸೆಯೂ ನಿರಾಸೆಯೂ ನಮ್ಮ ಮಕ್ಕಳಿಗೆ ಆಗ ತಟ್ಟಲಿಲ್ಲ.

ಈಗ ತಟ್ಟುತ್ತಿದೆ. ಡಬ್ಬಿ ಹೋಗಿ ಮೊಬೈಲ್ ಬಂದಿದೆ, ಹಿಂಬದಿಯ ಫೋಟೋ ಹೋಗಿ ಅರ್ಧ ನಿಮಿಷದ ವಿಡಿಯೋ ಬಂದಿದೆ. 2013ರಲ್ಲಿ ಏಲಿಯನ್ಸ್ ಕಲೋನಿಯಲ್ ಮರೀನ್ಸ್ ಎಂಬ ಆಟದ ಮುಂಗಡ ವಿಡಿಯೋಗಳು ಮಾರಾಟವಾದ ಆಟವನ್ನು ಸರಿಯಾಗಿ ಬಿಂಬಿಸಿರಲಿಲ್ಲವೆಂದು ಬ್ರಿಟನ್ನಿನ ಜಾಹೀರಾತು ಗುಣಮಟ್ಟ ಪ್ರಾಧಿಕಾರದ ಮುಂದೆ ಸೆಗಾ ಕಂಪನಿ ಒಪ್ಪಿಕೊಂಡಿತು. 2016ರಲ್ಲಿ ನೋ ಮ್ಯಾನ್ಸ್ ಸ್ಕೈ ಎಂಬ ಆಟದ ಮೇಲೆ ಇಂತಹುದೇ ದೂರು ಬಂದಾಗ ಅದೇ ಪ್ರಾಧಿಕಾರ ವಿಚಾರಣೆ ನಡೆಸಿ ದೂರನ್ನು ತಳ್ಳಿಹಾಕಿತು. 2020ರ ಸೆಪ್ಟೆಂಬರಿನಲ್ಲಿ ಹೋಮ್‌ಸ್ಕೇಪ್ಸ್, ಗಾರ್ಡನ್‌ಸ್ಕೇಪ್ಸ್ ಎಂಬ ಮೊಬೈಲ್ ಆಟಗಳ ಎರಡು ಜಾಹೀರಾತುಗಳನ್ನು ಅದು ತಡೆಯಿತು. ಜಾಹೀರಾತಿನಲ್ಲಿ ತೋರಿಸಿದ್ದು ಕಡ್ಡಿ ಎಳೆದು ಬಿಡಿಸುವ ಒಗಟು, ಆಟ ತೆರೆದರೆ ಹೆಚ್ಚಾಗಿ ಸಿಗುತ್ತಿದ್ದುದು ಒಂದೇ ಬಗೆಯ ಮೂರು ವಸ್ತುಗಳನ್ನು ಜೋಡಿಸುವ ಕೆಲಸ. ಎಲ್ಲ ಚಿತ್ರಗಳೂ ನಿಜವಾದ ಆಟದವಲ್ಲ ಎಂಬ ಸಾಲು ಆ ಜಾಹೀರಾತಿನಲ್ಲೂ ಇತ್ತು! ಆ ಸಾಲು ಇದ್ದ ಮಾತ್ರಕ್ಕೆ ತಪ್ಪು ಸರಿಯಾಗದು ಎಂದು ಪ್ರಾಧಿಕಾರ ತೀರ್ಮಾನಿಸಿತು.

ನಮ್ಮಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆ ಬಂದು, ದಾರಿತಪ್ಪಿಸುವ ಜಾಹೀರಾತು ಎಂದರೇನೆಂದು ಅದರಲ್ಲಿ ವಿವರಿಸಲಾಗಿದೆ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಆ ಇರುವೆ ಅಕ್ಷರಗಳ ಪ್ರಸ್ತಾಪವೂ ಇದೆ. ಜಾಹೀರಾತಿನ ಮುಖ್ಯ ಮಾತು ಯಾವ ಭಾಷೆಯಲ್ಲಿ, ಯಾವ ಅಕ್ಷರದಲ್ಲಿ ಇದೆಯೋ ಷರಾ ಕೂಡ ಅದೇ ಭಾಷೆಯಲ್ಲಿ, ಅದೇ ಅಕ್ಷರದಲ್ಲಿ ಇರಬೇಕು, ದಾರಿತಪ್ಪಿಸುವ ಮಾತನ್ನು ಷರಾ ಬರೆದು ತಿದ್ದಲು ಹೋಗಬಾರದು ಎಂದು ಅದು ಹೇಳುತ್ತದೆ. ನಿಮ್ಮ ಮನೆಯ ಮಕ್ಕಳು ಮೊಬೈಲಿನಲ್ಲಿ ಹೊಸ ಆಟ ಬೇಕೆಂದು ಹಠ ಹಿಡಿದಾಗ ಆ ವಿಡಿಯೋವನ್ನು ಒಮ್ಮೆ ನಿಲ್ಲಿಸಿ, ಕೆಳಗಿನ ಸಾಲನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ ನೋಡಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲೋ ಉರ್ದುವಿನಲ್ಲೋ ಅರ್ಥ ಹೇಳಿಸಿ. ನನ್ನ ತರಗತಿಯಲ್ಲಿ ಇದನ್ನು ಮಾಡಿಸಿದಾಗ ಏಳನೇ ಇಯತ್ತೆಯ ಹುಡುಗಿಯೊಬ್ಬಳು ಕೇಳಿದ್ದು ಇಷ್ಟೇ: "ಸರ್, ಹಾಗಾದರೆ ನಿಜವಾದದ್ದನ್ನೇ ಯಾಕೆ ಹಾಕಲಿಲ್ಲ?"